ಶೇಂಗಾಕ್ಕೆ ಗೊತ್ತಾದದ್ದು

ಪುಣೆಯ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ
ಮೇಣದೊಳಗೆ ಕೂರಿಸಿದ ಗಂಟುಗಳನ್ನು
ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ಯುತ್ತೇನೆ.
ಇಪ್ಪತ್ತೆರಡು ವರ್ಷ. ಇಲ್ಲಿ ಯಾರಿಗೂ ಹೆಸರಿಲ್ಲ.
ಗಾಜಿನ ಪಟ್ಟಿಯ ತುದಿಗೆ ಪೆನ್ಸಿಲಿನಲ್ಲೊಂದು ನಂಬರು,
ಅಷ್ಟೇ ಊರು, ಅಷ್ಟೇ ಕುಲ.

ಈ ಸಲ ಬಂದ ಸೀಸೆಯ ಚೀಟಿಯನ್ನು
ಎರಡು ಸಲ ಓದಿದೆ:
ಶೇಂಗಾ ಬೀಜದಿಂದ ತೆಗೆದ ಸತ್ವ.
ಸೊಲ್ಲಾಪುರದಲ್ಲಿ ನನ್ನವ್ವ ಒರಳಿಗೆ ಹಾಕಿ ಕುಟ್ಟಿ
ರೊಟ್ಟಿಯ ಮೇಲೆ ಉದುರಿಸಿ ಕೊಟ್ಟ ಅದೇ ಶೇಂಗಾ
ಇಲ್ಲಿ ಮೈನಸ್ ಇಪ್ಪತ್ತರಲ್ಲಿ
ಮುದುಡಿ ಕೂತಿದೆ.

ಜೀವಕೋಶ ಅಂದರೆ ಮೈತುಂಬ ಸಕ್ಕರೆ.
ನಾವು ಚಹಕ್ಕೆ ಹಾಕುವುದಲ್ಲ, ಅದರ ದಾಯಾದಿ,
ಸರಪಳಿಯಾಗಿ, ಟಿಸಿಲೊಡೆದು ಹೊರಗೆ ಚಾಚಿದ್ದು.
ಮನಸ್ಸಿಟ್ಟು ದುಡಿಯುವ ಕೋಶ
ತುದಿಗೆ ಕೊನೆಯದೊಂದು ಸಕ್ಕರೆ ಇಟ್ಟು ಮುಚ್ಚುತ್ತದೆ.
ಅವಸರದ ಕೋಶ ಅರ್ಧಕ್ಕೇ ಎದ್ದುಬಿಡುತ್ತದೆ,
ಗುಂಡಿ ಹಾಕದ ಅಂಗಿಯಲ್ಲೇ ಬೀದಿಗಿಳಿದ ಹಾಗೆ.
ಆ ಬಯಲಾದ ಸಕ್ಕರೆಯನ್ನು
ಶೇಂಗಾ ತಡಕಾಡಿ ಹಿಡಿಯುತ್ತದೆ.
ಹಿಡಿದಲ್ಲೆಲ್ಲ ಕಂದು ಬಣ್ಣ ಕಾಣುವಂತೆ ಮಾಡಿ
ನೂರಕ್ಕೆ ಎಷ್ಟೆಂದು ಎಣಿಸುವುದು ನನ್ನ ಪಾಲು.
ಗಂಟು ಊರು ಬಿಡುವ ಯೋಚನೆಯಲ್ಲಿದೆಯೋ,
ಕಂಕುಳಿಗೋ, ಎಲುಬಿಗೋ,
ಇಷ್ಟರಿಂದ ಹೇಳಲಾದೀತೇ ಎಂದು
ಮೇಲಿನ ಮಹಡಿಯ ಡಾಕ್ಟರರು ಹುಡುಕುತ್ತಿದ್ದಾರೆ.

ನಂಬರು ೪೪೧೭ ಒಂದು ಮಂಗಳವಾರ
ನನ್ನ ಕಿಟಕಿಯ ಮುಂದೆ ಬಂದು ನಿಂತಿತು.
ಹೆಸರು ಇಂದ್ರಾಯಣಿ ವಾಳುಂಜ,
ಲೋಣಾವಳಾದಲ್ಲಿ ಸ್ಟೇಶನ್ನಿನ ಹಿಂದೆ ಚಿಕ್ಕಿಯ ಭಟ್ಟಿ.
ತಲೆಗೆ ಹಸಿರು ಸ್ಕಾರ್ಫು, ಮುಂಗೈಗೆ ಸುಟ್ಟ ಕಲೆಗಳು.
'ಕೀಮೋದ್ದಲ್ಲ, ಬೆಲ್ಲದ್ದು' ಅಂದಳು,
ನಾನು ನೋಡಿದ್ದನ್ನು ನೋಡಿ.
ಮೇಣದ ತುಂಡನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕಂತೆ.
'ನನಗೆ ಶುಗರ್ ಇಲ್ಲ. ಸಹಿ ಹಾಕಿಸಿಕೊಂಡ ಕಾಗದದಲ್ಲಿ
ಸಕ್ಕರೆ ಅಂತಿತ್ತಲ್ಲ, ಅದೇನು?'

ಪೇಷಂಟರ ಜೊತೆ ಮಾತು ನನ್ನ ಕೆಲಸವಲ್ಲ.
ಮಾತಾಡಿದೆ.
ಎಲ್ಲ ಕೇಳಿ ಅವಳು ನಕ್ಕಳು,
ಬೆಂಕಿಯೆದುರು ದುಡಿದವರ ಹಾಗೆ ಕಣ್ಣು ಕಿರಿದು ಮಾಡಿ:
'ಶೇಂಗಾಕ್ಕೂ ಸಿಹಿಗೂ ನಂಟಿದೆ ಅಂತ ತಿಳಿಯಲಿಕ್ಕೆ
ಇಷ್ಟು ದೊಡ್ಡ ಆಸ್ಪತ್ರೆ ಬೇಕಾಯಿತೇ?'

ಆಮೇಲೆ ಹೇಳಿದಳು.
ಪಾಕ ಹದಕ್ಕೆ ಬಂತೋ ಇಲ್ಲವೋ ನೋಡಲು
ನೀರಿಗೆ ಒಂದು ಹನಿ ಬಿಡುತ್ತೇವೆ.
ಎತ್ತಿ ತಟ್ಟೆಗೆ ಹಾಕಿದಾಗ ಠಣ್ ಅಂದರೆ ಚಿಕ್ಕಿ ಮುರಿಯುತ್ತದೆ,
ಅನ್ನದಿದ್ದರೆ ಹಲ್ಲಿಗೆ ಅಂಟುತ್ತದೆ.
ಹನಿ ಸುಳ್ಳು ಹೇಳುವುದಿಲ್ಲ.
ಆದರೆ ಜುಲೈಯಲ್ಲಿ ಘಾಟಿನ ಮಂಜು ಒಳಗೆ ಬಂದರೆ
ಠಣ್ ಅಂದದ್ದೂ ಸಂಜೆಗೆ ಮೆತ್ತಗೆ.
ಹನಿಗೆ ಮಂಜಿನ ಸುದ್ದಿ ಎಲ್ಲಿ ಗೊತ್ತು?

'ನನ್ನ ಹನಿ ಏನಂದಿತು?'

ಇದು ಸಂಶೋಧನೆಯದ್ದು, ನಿಮ್ಮ ಫೈಲಿಗೆ ಬರುವುದಿಲ್ಲ ಅಂದೆ.
ಮುನ್ನೂರು ಹೆಂಗಸರ ಪಟ್ಟಿ. ಹತ್ತು ವರ್ಷ ಕಾದು
ಯಾರಿದ್ದಾರೆ, ಯಾರಿಲ್ಲ ತಾಳೆ ನೋಡಿದ ಮೇಲೆ
ಕಂದು ಬಣ್ಣಕ್ಕೆ ಅರ್ಥ ಹುಟ್ಟಿದರೆ ಹುಟ್ಟೀತು.

'ಅಂದರೆ ನಾನು
ಬೇರೆಯವರ ಪಾಕಕ್ಕೆ ಬಿಟ್ಟ ಹನಿ.'

ನಾನು ಹೌದೆನ್ನಲಿಲ್ಲ.
ರಸೀದಿಗೆ ಸೀಲು ಒತ್ತಿದೆ, ಒಂದೇ ಜಾಗದಲ್ಲಿ ಎರಡು ಸಲ.
ಕಾಲು ಕಿಲೋ ಪೊಟ್ಟಣ ಕಿಟಕಿಯಲ್ಲಿಟ್ಟು
ಮೇಣದ ತುಂಡನ್ನು ಕುಪ್ಪಸದೊಳಗಿನ ಪರ್ಸಿಗೆ ಸೇರಿಸಿ,
ಅದು ಹೊರಟುಬಂದ ಕಡೆಗೇ ಸೇರಿಸಿ,
ಹೋದಳು.

ಲ್ಯಾಬಿನಲ್ಲಿ ತಿನ್ನುವ ಹಾಗಿಲ್ಲ.
ಸ್ವಾರಗೇಟಿನಲ್ಲಿ ಬಸ್ಸಿಗೆ ಕಾಯುತ್ತ ಒಂದು ಮುರಿದೆ,
ಪಕ್ಕದವನು ತಿರುಗಿ ನೋಡುವಷ್ಟು ಸದ್ದು.
೪೪೧೭: ನೂರಕ್ಕೆ ಮೂವತ್ತೆಂಟು.
ಮಳೆಗೆ ಇನ್ನೂ ಆರು ವಾರವಿತ್ತು.
ಹಲ್ಲಿನ ಸಂದಿಯ ಶೇಂಗಾ ಚೂರನ್ನು ನಾಲಿಗೆ
ಕಾತ್ರಜದ ತನಕ ತಡಕುತ್ತಲೇ ಇತ್ತು.